ಮಗ್ಗದ ಗುಂಡಿಯಲ್ಲಿ ಕನ್ನಡಿ ಇಟ್ಟ ತಾಯಿಗೆ

ಶ್ರೀ ಚೌಡೇಶ್ವರಿ ಪ್ರಸನ್ನ

ನೂಲಗುಡ್ಡ,
ಶಾಲಿವಾಹನ ಶಕೆ ೨೧೩೯, ಪಿಂಗಳ ಸಂವತ್ಸರ, ಪುಷ್ಯ ಬಹುಳ ತದಿಗೆ, ಬೆಳಗಿನ ಹೊತ್ತು

ತಾಯಿ, ನಿಮಗೆ ಈರಕ್ಕನ ನಮಸ್ಕಾರಗಳು.

ಮೇಲೆ ಬರೆದ ವರ್ಷ ನೋಡಿ ಇದು ಯಾರದೋ ಕುಚೇಷ್ಟೆ ಎಂದು ಕಾಗದವನ್ನು ಪಕ್ಕಕ್ಕೆ ಇಡಬೇಡಿ. ನಿಮ್ಮ ಕ್ಯಾಲೆಂಡರಿನ ಪ್ರಕಾರ ಇದು ಎರಡು ಸಾವಿರದ ಇನ್ನೂರ ಹದಿನೆಂಟನೆಯ ಇಸವಿಯ ಜನವರಿ ಎಂದು ನಮ್ಮ ಪೂಜಾರಿ ಕಾಟಯ್ಯನವರು ಬೆರಳು ಮಡಿಸಿ ಲೆಕ್ಕ ಹೇಳಿದರು. ನೀವು ಇನ್ನೂ ಬದುಕಿರುವಾಗಲೇ ನಿಮ್ಮನ್ನು ಹಿರಿಯರ ಸಾಲಿಗೆ ಸೇರಿಸಿ ಬರೆಯುವುದು ಅಪಶಕುನ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಈಗ ಐವತ್ತು ತುಂಬಿದೆ. ನಿಮ್ಮ ಕಾಲದಲ್ಲಿ ಇಲ್ಲದ ಪದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಪದವನ್ನು ನಾನು ತಪ್ಪಾಗಿ ಬಳಸಿದ್ದರೆ ನಕ್ಕುಬಿಡಿ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ನಮ್ಮ ಅತ್ತೆಯನ್ನು ಕೇಳಿದೆ. ಅತ್ತೆ ಎಂದರೆ ನನ್ನ ಯಜಮಾನರ ತಾಯಿ, ಪಾಲಮ್ಮ. ನನಗೆ ಮಗ್ಗ ಕಲಿಸಿದವರು ಅವರೇ. "ಅಮ್ಮ ಆಗಲೂ ಅದೇ ಕಲ್ಲು, ಈಗಲೂ ಅದೇ ಕಲ್ಲು. ಅವಳ ಪಾದದ ಹತ್ರ ಇಡು. ತಲುಪಿಸೋದು ಬಿಡೋದು ಅವಳಿಗೆ ಬಿಟ್ಟಿದ್ದು" ಎಂದರು. ಅಮ್ಮ ಎಂದರೆ ನಮ್ಮೂರ ಚೌಡೇಶ್ವರಿ. ನನಗೂ ಅದೇ ಸರಿ ಎನಿಸಿತು.

ಮೊದಲು ನಮ್ಮ ಬಟ್ಟೆಯ ವಿಷಯ ಹೇಳಬೇಕು. ಇಲ್ಲದಿದ್ದರೆ ನಾವು ಮಾಡಿದ ತಪ್ಪು ನಿಮಗೆ ಹುಚ್ಚರ ಕೆಲಸದಂತೆ ಕಂಡೀತು. ನಮ್ಮ ಕಾಲದಲ್ಲಿ ಜನ ಉಡುವುದೆಲ್ಲ ಎರಕಬಟ್ಟೆ. ದೋಸೆ ಹುಯ್ದ ಹಾಗೆ ಗಂಜಿಯಂಥದ್ದನ್ನು ಹಲಗೆಯ ಮೇಲೆ ಹುಯ್ದು ಒಣಗಿಸಿ ತೆಗೆಯುತ್ತಾರೆ. ತಿಂಗಳು ಉಟ್ಟಮೇಲೆ ಅದನ್ನು ತೊಟ್ಟಿಯ ನೀರಿನಲ್ಲಿ ಕರಗಿಸಿ ಮತ್ತೆ ಹುಯ್ಯುತ್ತಾರೆ. ಅದರಲ್ಲಿ ಹಾಸಿಲ್ಲ, ಹೊಕ್ಕಿಲ್ಲ, ಎಳೆಯೇ ಇಲ್ಲ. ಮಕ್ಕಳು ಅಂಗಿಯನ್ನು ಹೇಗೆ ಹಾಕಿಕೊಂಡರೂ ಒಂದೇ. ಬಟ್ಟೆಗೆ ಹಿಂದು ಮುಂದು ಎಂಬುದೊಂದು ಇರುತ್ತದೆ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳಿಲ್ಲ. ಅದಕ್ಕೊಂದು ಪದವೂ ನಮ್ಮಲ್ಲಿ ಉಳಿದಿಲ್ಲ. ಇದನ್ನು ಮಾತ್ರ ನೆನಪಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಸೆಕೆ ಏರಿ ರೇಷ್ಮೆ ಹುಳುಗಳಿಗೆ ಬೇನೆ ಬಂದು, ಹುಳು ಗೂಡು ಕಟ್ಟುವ ಊರೂರಿನ ಚಂದ್ರಂಕಿಗಳು ಬರಿದಾದವಂತೆ. ಎಪ್ಪತ್ತು ವರ್ಷ ಈ ಸೀಮೆಯಲ್ಲಿ ಒಂದು ಗೂಡು ರೇಷ್ಮೆ ಆಗಲಿಲ್ಲ. ಆಗಿನ ಕಷ್ಟಕ್ಕೆ ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಜರಿ ಸೀರೆಗಳನ್ನೆಲ್ಲ ಸುಟ್ಟು, ಬೂದಿಯಲ್ಲಿ ಉಳಿದ ಬೆಳ್ಳಿ ಬಂಗಾರ ಆರಿಸಿಕೊಂಡರು. ಹೊಟ್ಟೆಗಾಗಿ ಸುಟ್ಟರು, ಅವರನ್ನು ನಾನು ಬೈಯುವುದಿಲ್ಲ. ಆದರೆ ನೂಲಗುಡ್ಡದಲ್ಲಿ ನೋಡಿ ಕಲಿಯಲು ಒಂದು ಸೆರಗೂ ಉಳಿಯಲಿಲ್ಲ. ನಮ್ಮ ಅತ್ತೆಯ ತಾಯಿಯವರ ಕಾಲಕ್ಕೆ ತಂಪುಗವಿಗಳು ಬಂದವು. ಬಂಡೆಯ ಹೊಟ್ಟೆ ಕೊರೆದು ಮಾಡಿದ ಕೋಣೆಗಳು ಅವು, ನೆಲದಡಿಯ ತಣ್ಣೀರನ್ನು ಗೋಡೆಯೊಳಗೆ ಹರಿಸುತ್ತಾರೆ. ಈಗ ನಮ್ಮ ಯಜಮಾನರು ಅಲ್ಲೇ ಹುಳು ಸಾಕುವುದು. ವರ್ಷಕ್ಕೆ ಒಂದೇ ಬೆಳೆ. ನನ್ನ ಒಂದು ಸೀರೆಗೆ ಬೇಕಾದ ರೇಷ್ಮೆ ಕೂಡಲು ಐದು ವರ್ಷ ಹಿಡಿಯುತ್ತದೆ.

ಬಂಗಾರ ಎಲ್ಲಿಯದು ಎಂದು ಕೇಳುತ್ತೀರೇನೋ. ಅದು ನಿಮ್ಮದೇ. ಊರಾಚೆ ನಿಮ್ಮ ಕಾಲದ ಕಸಗುಡ್ಡವಿದೆ, ಅದರಲ್ಲಿ ನಿಮ್ಮ ಫೋನುಗಳು ಲಕ್ಷಗಟ್ಟಲೆ ಹೂತಿವೆ. ಒಂದೊಂದರ ಒಳಗೆ ಸಾಸಿವೆಗಿಂತ ಸಣ್ಣ ಬಂಗಾರ. ಸುಗ್ಗಿ ಮುಗಿದ ಮೇಲೆ ಊರಿನ ಹೆಂಗಸರೆಲ್ಲ ಮುಂಜಾನೆ ಹೋಗಿ ಅಗೆದು ತರುತ್ತೇವೆ. ಉರಿಹೊತ್ತಿಗೆ ಮೊದಲೇ ಮನೆ ಸೇರಬೇಕು. ಉರಿಹೊತ್ತು ಎಂದರೆ ಹತ್ತು ಗಂಟೆಯಿಂದ ನಾಲ್ಕರವರೆಗೆ, ಆಗ ಹೊರಗೆ ನಾಯಿಯೂ ತಿರುಗುವುದಿಲ್ಲ. ಹಾಗೆ ಹನ್ನೆರಡು ವರ್ಷ ಕೂಡಿಸಿದ ಬಂಗಾರವನ್ನು ಬೆಳ್ಳಿಯೆಳೆಗೆ ಲೇಪ ಕೊಟ್ಟು ಜರಿ ಮಾಡುತ್ತೇವೆ. ನೀವು ಮಗಳೊಡನೆ ಜಗಳವಾಡಿದ್ದು, ಮಾರ್ಕೆಟ್ಟಿನ ಧಾರಣೆ ಕೇಳಿದ್ದು, ಎಲ್ಲ ಹಾದುಹೋದ ಬಂಗಾರವೇ ಈಗ ನಮ್ಮ ಅಮ್ಮನ ಸೆರಗಿನಲ್ಲಿದೆ.

ಹನ್ನೆರಡು ವರ್ಷಕ್ಕೊಮ್ಮೆ, ಬನದ ಹುಣ್ಣಿಮೆಯ ದಿನ, ಅಮ್ಮನಿಗೆ ಹೊಸ ಸೀರೆ. ಆ ದಿನ ತೆಗೆದ ಹಳೆಯದನ್ನು ಅಲ್ಲೇ ಸುಟ್ಟು, ಅದರ ಬಂಗಾರವನ್ನು ಮುಂದಿನದಕ್ಕೆ ಎತ್ತಿಡುತ್ತೇವೆ. ಅತ್ತೆಯ ತಾಯಿ ಎರಡು ಸೀರೆ ನೇಯ್ದರು, ಅತ್ತೆ ನಾಲ್ಕು. ಈಗ ಅತ್ತೆಗೆ ಎಂಬತ್ತು ವರ್ಷ, ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಹಾಗಾಗಿ ಏಳನೆಯದನ್ನು ನಾನು ನೇಯ್ದೆ. ಆದರೆ ಉಡಿಸುವ ಹಕ್ಕು ಇಂದಿಗೂ ಅತ್ತೆಯದೇ.

ಅತ್ತೆಯ ತಾಯಿ ಹೇಗೆ ಕಲಿತರು ಎಂಬುದನ್ನು ಕೇಳಿ. ದೇವಸ್ಥಾನದ ಪೆಟ್ಟಿಗೆಯಲ್ಲಿ ನಿಮ್ಮ ಕಾಲದ್ದೊಂದು ಏಳು ನಿಮಿಷದ ವಿಡಿಯೋ ಉಳಿದಿತ್ತು. ಅದರಲ್ಲಿ ಒಬ್ಬ ಗಂಡಸು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೆರಗಿಗೆ ನವಿಲು ನೇಯುತ್ತಾನೆ. ಮೇಲಿನಿಂದ ಹಿಡಿದ ಚಿತ್ರ. ಅವನ ಎರಡು ಕೈ, ತಲೆಯ ಹಿಂಭಾಗ, ಮಗ್ಗದ ಮೇಲಿನ ಬಟ್ಟೆ, ಅಷ್ಟೇ ಕಾಣುವುದು. ಅವನು ನಿಮ್ಮ ಯಜಮಾನರಿರಬೇಕು ಎಂದು ಈಗ ಅಂದುಕೊಂಡಿದ್ದೇನೆ. ಆ ವಿಡಿಯೋವನ್ನು ಸಾವಿರ ಸಲ ನೋಡಿ, ಪುಟ್ಟ ಕಂಡಿಕೆಯಲ್ಲಿ ಜರಿ ಸುತ್ತಿ, ಒಂದೊಂದು ನವಿಲಿಗೆ ಒಂದೊಂದು ಕಂಡಿಕೆ ಇಟ್ಟು, ಆ ತಾಯಿ ಕಲಿತರು. ಚಿತ್ರದಲ್ಲಿ ಕಂಡದ್ದನ್ನು ಕಂಡ ಹಾಗೇ ಮಾಡಿದರು. ಮಗ್ಗದ ಮೇಲೆ ಯಾವ ಮಗ್ಗಲು ಕಾಣುತ್ತದೋ ಅದೇ ಮಗ್ಗಲನ್ನು ಜನರಿಗೆ ಕಾಣುವಂತೆ ಅಮ್ಮನಿಗೆ ಉಡಿಸಿದರು. ಬೇರೆ ಯೋಚನೆ ಬರುವುದಾದರೂ ಹೇಗೆ?

ನಮ್ಮೂರಿಗೆ ಇಪ್ಪತ್ತೇಳೇ ಮನೆ. ಸೆರಗಿನಲ್ಲಿ ಇಪ್ಪತ್ತೇಳು ನವಿಲು, ಸಾಲಿಗೆ ಒಂಬತ್ತರಂತೆ ಮೂರು ಸಾಲು, ಮನೆಗೊಂದು ನವಿಲು. ನವಿಲು ಮುಗಿದಾಗ ಕತ್ತರಿಸಿದ ಜರಿಯ ತುದಿ ಅರ್ಧ ಬೆರಳಿನಷ್ಟು ನಿಂತಿರುತ್ತದಲ್ಲ, ಅದಕ್ಕೆ ನಾವು ಅರಳು ಎನ್ನುತ್ತೇವೆ. ಹುಣ್ಣಿಮೆ ಹುಣ್ಣಿಮೆಗೂ ಹೆಂಗಸರು ಬಂದು ತಮ್ಮ ಮನೆಯ ನವಿಲಿನ ಅರಳು ಮುಟ್ಟಿ, ಮನಸ್ಸಿನಲ್ಲಿರುವುದನ್ನು ಅಮ್ಮನಿಗೆ ಹೇಳಿಕೊಂಡು ಹೋಗುತ್ತಾರೆ. ನನ್ನ ಎರಡನೆಯ ಹೆರಿಗೆ ಕಷ್ಟವಾದಾಗ ಅತ್ತೆ ನಮ್ಮ ಮನೆಯ ಅರಳು ಹಿಡಿದುಕೊಂಡೇ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದರಂತೆ. ಇನ್ನೊಂದು, ನಮ್ಮ ನವಿಲುಗಳಿಗೆಲ್ಲ ಕಣ್ಣು ಮುಚ್ಚಿರುತ್ತಿತ್ತು. ಕಣ್ಣಿನ ಜಾಗದ ಮೇಲೆ ಜರಿಯ ಎಳೆ ಹಾದುಹೋಗುತ್ತಿತ್ತು. ಧ್ಯಾನಕ್ಕೆ ಕೂತ ನವಿಲುಗಳು ಎಂದು ಪೂಜಾರಿ ಕಾಟಯ್ಯನವರು ಅದರ ಮೇಲೊಂದು ಹಾಡನ್ನೇ ಕಟ್ಟಿದ್ದಾರೆ.

ಈಗ ನಿಮ್ಮ ಕನ್ನಡಿಯ ವಿಷಯ. ಅತ್ತೆಯ ತಾಯಿ ಹಳೆಯ ಮಗ್ಗದ ಮನೆಯ ಮಣ್ಣು ತೆಗೆಸಿ ಗುಂಡಿ ಚೊಕ್ಕಟ ಮಾಡಿಸಿದಾಗ, ಗುಂಡಿಯೊಳಗಿನ ಎದುರು ಗೋಡೆಯಲ್ಲಿ ಓರೆಯಾಗಿ ಕೂರಿಸಿದ ಕನ್ನಡಿ ಸಿಕ್ಕಿತು. ಎರಡು ಅಂಗೈ ಅಗಲ, ಅಂಚಿಗೆಲ್ಲ ಕಪ್ಪು ಹತ್ತಿದೆ. ಅದರ ಮೇಲಿನ ಮೂಲೆಯಲ್ಲಿ ಕೆಂಪಗೆ ದುಂಡಗೆ ಒಂದು ಬೊಟ್ಟು ಅಂಟಿತ್ತು. ಕನ್ನಡಿಗೆ ಬೊಟ್ಟಿಟ್ಟಿದ್ದಾರೆ ಎಂದರೆ ಅದು ದೇವರೇ ಇರಬೇಕು ಎಂದು ಊರವರು ತೀರ್ಮಾನಿಸಿದರು. ಗುಂಡಿಯಮ್ಮ ಎಂದು ಹೆಸರಾಯಿತು. ಅಂದಿನಿಂದ ಅಮಾವಾಸ್ಯೆಗೊಮ್ಮೆ ಕುಂಕುಮ ಕಲಸಿ ಕನ್ನಡಿಯ ತುಂಬ ಬಳಿಯುತ್ತ ಬಂದೆವು. ಒರೆಸುವಂತಿಲ್ಲ, ಬಳಿದದ್ದರ ಮೇಲೆ ಬಳಿಯಬೇಕು. ಎಪ್ಪತ್ತೆರಡು ವರ್ಷದಲ್ಲಿ ಕುಂಕುಮ ಹೆಬ್ಬೆರಳು ದಪ್ಪ ಕೂತಿತ್ತು.

ಈಗಿನ ಕಾಲದಲ್ಲಿ ಜೋರು ಮಳೆ ಮಾರ್ಗಶಿರದಲ್ಲಿ ಬರುತ್ತದೆ. ಕಳೆದ ಮಾರ್ಗಶಿರದಲ್ಲಿ ಮೂರು ದಿನ ಹೊಡೆದ ಮಳೆಗೆ ಮಗ್ಗದ ಮನೆ ಸೋರಿ, ಗೋಡೆಯಿಂದ ನೀರಿಳಿದು, ಕುಂಕುಮವೆಲ್ಲ ಕರಗಿ ಗುಂಡಿಯ ತುಂಬ ಕೆಂಪು ರಾಡಿಯಾಯಿತು. ಸೆರಗಿನ ಎರಡು ಸಾಲು ಮುಗಿದು ಮೂರನೆಯದು ನವಿಲಿನ ಕೊರಳವರೆಗೆ ಬಂದಿತ್ತು. ಪುಣ್ಯಕ್ಕೆ ಬಟ್ಟೆಗೆ ಹನಿ ಬೀಳಲಿಲ್ಲ. ಬೆಳಿಗ್ಗೆ ಮಡಿಯುಟ್ಟು, ಬಟ್ಟಲಲ್ಲಿ ಹೊಸ ಕುಂಕುಮ ಕಲಸಿಕೊಂಡು ಗುಂಡಿಗೆ ಇಳಿದೆ. ಬಳಿಯಲು ಕೈ ಎತ್ತಿದಾಗ ಕನ್ನಡಿಯೊಳಗೆ ನವಿಲುಗಳು ಕಂಡವು. ಕೂದಲೆಳೆ ಕೂಡ ಎದ್ದಿರದ ನುಣುಪು ಬಂಗಾರ. ಕಣ್ಣು ಬಿಟ್ಟಿದ್ದವು. ಎರಡನೆಯ ಸಾಲಿನ ಒಂಬತ್ತೂ ನನ್ನನ್ನೇ ನೋಡುತ್ತಿದ್ದವು.

ಅಮ್ಮನೇ ಬಂದಳು ಎಂದುಕೊಂಡೆ. ಬಟ್ಟಲು ಕೈಜಾರಿ ಬಿತ್ತು. ಎಷ್ಟು ಹೊತ್ತು ಕೈಮುಗಿದು ನಿಂತಿದ್ದೆನೋ, ಆಮೇಲೆ ಬುದ್ಧಿ ಬಂದು ಕತ್ತೆತ್ತಿ ಬಟ್ಟೆಯ ಅಡಿಯನ್ನೇ ನೋಡಿದೆ. ಅಲ್ಲಿ ಮೇಲೆಯೂ ಅವೇ ನವಿಲುಗಳಿದ್ದವು. ಮೂವತ್ತು ವರ್ಷದಿಂದ ಆ ಮಗ್ಗದ ಮುಂದಿದ್ದೇನೆ, ಒಂದು ದಿನವೂ ಬಟ್ಟೆಯ ಕೆಳಗೆ ಬಗ್ಗಿ ನೋಡಿರಲಿಲ್ಲ. ನೋಡುವುದಕ್ಕೇನಿದೆ ಅಲ್ಲಿ ಎಂದು.

ಅದೇ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಆ ವಿಡಿಯೋ ಹಾಕಿಸಿ ನೋಡಿದೆ. ಮೂರನೆಯ ನಿಮಿಷದಲ್ಲಿ ಅವನು ಎಡಕ್ಕೆ ವಾಲಿ, ತಲೆ ತಗ್ಗಿಸಿ, ಮತ್ತೆ ನೆಟ್ಟಗಾಗುತ್ತಾನೆ. ಐದನೆಯ ನಿಮಿಷದಲ್ಲಿ ಇನ್ನೊಮ್ಮೆ. ಅದಕ್ಕೆ ನಾವು ವಾಲುನಮಸ್ಕಾರ ಎನ್ನುತ್ತೇವೆ. ಕೆಲವು ಎಳೆ ಹಾಕಿದ ಮೇಲೆ ಎಡಕ್ಕೆ ವಾಲಿ ಕಣ್ಣುಮುಚ್ಚಿ ತಲೆಬಾಗಿಸಬೇಕು ಎಂದು ಅತ್ತೆಗೆ ಅವರ ತಾಯಿ ಕಲಿಸಿದ್ದು, ಅತ್ತೆ ನನಗೆ ಕಲಿಸಿದ್ದು. ತಾಯಿ, ಅವನು ನಮಸ್ಕಾರ ಮಾಡುತ್ತಿರಲಿಲ್ಲ. ಗುಂಡಿಯ ಕನ್ನಡಿಯಲ್ಲಿ ತನ್ನ ನವಿಲು ಸರಿಯಾಗಿ ಬಂತೋ ಇಲ್ಲವೋ ಎಂದು ನೋಡುತ್ತಿದ್ದ. ನೀವು ಬಟ್ಟೆಯ ಮುಖವನ್ನು ನೆಲಕ್ಕೆ ಮಾಡಿ ನೇಯುತ್ತಿದ್ದಿರಿ. ಎಲ್ಲ ಊರಲ್ಲೂ ಹೀಗೇ ಮಾಡುತ್ತಿದ್ದರೋ ಏನೋ ನಾನು ಹೇಳಲಾರೆ, ನಮ್ಮ ಊರಿನ ಮಾತು ಇದು. ಕೈಬೆವರು, ಕಂಡಿಕೆಯ ಉಜ್ಜಾಟ ಮುಖಕ್ಕೆ ತಾಗದಿರಲಿ ಎಂದಿರಬೇಕು. ಅತ್ತೆ, ಅವರ ತಾಯಿ, ಕೈಜೋಡಿಸಿದ ನಾನು, ಆರು ಸೀರೆ, ಬೆನ್ನನ್ನೇ ಮುಖ ಎಂದುಕೊಂಡು ಅಮ್ಮನಿಗೆ ಉಡಿಸಿದ್ದೆವು.

ಮೂರು ದಿನ ಬಾಯಿ ಬಿಡಲಿಲ್ಲ. ನಾನೇ ನೇಯ್ದ ಸೀರೆ, ಇದೊಂದು ಸಲ ಮಗುಚಿ ಉಡಿಸಿಬಿಟ್ಟರೆ ಮುಗಿಯಿತು ಎಂದು ನಿಮಗೆ ಅನಿಸಬಹುದು. ಆದರೆ ಉಡಿಸುವವರು ಅತ್ತೆ. ಅವರ ಕೈಗೆ ಸುಳ್ಳು ಹೇಳಿ ಸೀರೆ ಕೊಡಲಾರೆ. ನಿಜ ಹೇಳಿದರೆ ಅವರ ನಲವತ್ತೆಂಟು ವರ್ಷದ ನೇಯ್ಗೆಯನ್ನು ತಪ್ಪು ಎಂದ ಹಾಗೆ. ಸುಮ್ಮನಿದ್ದರೆ ತಿಳಿದೂ ತಿಳಿದೂ ಅಮ್ಮನಿಗೆ ಬೆನ್ನುಮಗ್ಗಲು ಉಡಿಸಿ ಇನ್ನು ಹನ್ನೆರಡು ವರ್ಷ ಅವಳ ಮುಂದೆ ನಿಲ್ಲಬೇಕು. ಮೊದಲು ಕಾಟಯ್ಯನವರಿಗೆ ಹೇಳಿ ನೋಡಿದೆ. ಅವರು ತಲೆ ಕೆರೆದುಕೊಂಡರು.

"ಕಣ್ಣು ಮುಚ್ಚಿದ ನವಿಲಿನ ಮೇಲೆ ಹಾಡು ಕಟ್ಟಿದೀನಲ್ಲಮ್ಮ, ಅದ್ನೇನು ಮಾಡ್ಲಿ ಈಗ?"

"ಹಾಡು ಆಮೇಲೆ ನೋಡಾನ ಸ್ವಾಮಿ. ಸೀರೆ ಏನು ಮಾಡ್ಲಿ ಹೇಳಿ."

"ಉಡ್ಸೋ ಕೈ ಪಾಲಮ್ಮಂದು. ಅವಳು ಹೆಂಗೆ ಉಡುಸ್ತಾಳೋ ಅದೇ ಸರಿ. ನನ್ನ ಮಧ್ಯ ಎಳೀಬೇಡ, ಆಯಮ್ಮನ ಬಾಯಿ ನಿಂಗೆ ಗೊತ್ತಲ್ಲ" ಎಂದು ಗಂಟೆ ಉಜ್ಜಲು ಕೂತರು.

ಹೇಳಲೇಬೇಕಾಯಿತು. ಅತ್ತೆ ಪಡಸಾಲೆಯಲ್ಲಿ ಕೂತು ಕೈಯಂದಾಜಿನಲ್ಲೇ ಕಂಡಿಕೆ ಸುತ್ತುತ್ತಿದ್ದರು. ನಾನು ಹತ್ತಿರ ಕೂತು ಹೇಳಿದೆ.

"ಅತ್ತೆ, ನಾವು ಅಮ್ಮಂಗೆ ಸೀರೆ ಮಗುಚಿ ಉಡುಸ್ತಾ ಬಂದೀವಿ."

"ಮಗುಚಾಕೆ ಅದೇನು ಮುದ್ದೆನೇನೆ?"

"ಕೆಳಗಿಂದು ಮುಂದು ಅತ್ತೆ. ಮೇಲ್ಗಡೆದು ಹಿಂದು."

"ಬಟ್ಟೆಗೆ ಹಿಂದು ಮುಂದು ಎಲ್ಲೈತೆ? ಎಮ್ಮೆನಾ ಅದು?" ಎಂದು ನಕ್ಕರು. ನಾನು ನಗಲಿಲ್ಲ ಎಂದು ತಿಳಿದ ಮೇಲೆ ಅವರ ದನಿ ಬದಲಾಯಿತು. "ಕೆಳಮಗ್ಗಲು ನುಣ್ಣಗೈತೆ ಅಂತ ನಂಗೆ ಗೊತ್ತಿಲ್ಲಾಂತ ಮಾಡ್ಕೊಂಡಿದೀಯಾ? ನಾಕು ಸೀರೆ ಉಡ್ಸಿದ ಕೈ ಇದು. ಅಮ್ಮನ ಮೈಗೆ ತಾಗೋ ಮಗ್ಗಲು ನುಣ್ಣಗಿರ್ಬೇಕೋ, ಊರೋರ ಕಣ್ಣಿಗೆ ಬೀಳೋದೋ? ಏಳನೇ ಕ್ಲಾಸು ಓದಿದೋಳು, ನೀನೇ ಹೇಳು."

ಆ ಮಾತನ್ನು ನಾನು ಈಗಲೂ ತಳ್ಳಿಹಾಕಲಾರೆ. ಆದರೂ ಕನ್ನಡಿಯ ವಿಷಯ ಹೇಳಿದೆ, ಅವನು ವಾಲುವುದು ಯಾಕೆಂದು ಹೇಳಿದೆ. ಬೊಟ್ಟಿನ ವಿಷಯವನ್ನೂ ಹೇಳಿದೆ. ಯಾರೋ ಹೆಂಗಸು ಮುಖ ತೊಳೆಯುವಾಗ ಹಣೆಯ ಬೊಟ್ಟು ಕಿತ್ತು ಕನ್ನಡಿಗೆ ಅಂಟಿಸಿ, ಮತ್ತೆ ತೆಗೆದುಕೊಳ್ಳಲು ಮರೆತಿರಬೇಕು; ಮನೆಯ ಹಳೇ ಕನ್ನಡಿಯನ್ನೇ ತಂದು ಗುಂಡಿಯಲ್ಲಿ ಇಟ್ಟಿರಬೇಕು ಎಂದೆ. ಅತ್ತೆ ಸುತ್ತುವುದನ್ನು ನಿಲ್ಲಿಸಿದರು.

"ಹಂಗಾರೆ ನಮ್ಮವ್ವ ಯಾರ್ದೋ ಬೊಟ್ಟಿಗೆ ಕೈ ಮುಗುದ್ಲಾ?"

ಜಾರಿದ ಕಂಡಿಕೆಯನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ನಲವತ್ತೆಂಟು ವರ್ಷ ಕಣೆ ಈರಿ. ಅಮ್ಮನೂ ಹಂಗೇ ನಿಂತಿದ್ಲಲ್ಲ, ಒಂದ್ಸಾರಿನಾದ್ರೂ ಕನಸ್ನಾಗೆ ಬಂದು, ಪಾಲೀ, ಸೀರೆ ತಿರುವಾಕಿದೀಯಾ ಅನ್ಬಾರ್ದಿತ್ತಾ? ನಾನೇನು ಅವಳಿಗೆ ಬೇರೆಯೋಳಾ?"

ಆ ದಿನ ಅತ್ತೆ ಊಟ ಮಾಡಲಿಲ್ಲ. ಮರುದಿನದಿಂದ ಉಂಡರು, ಆದರೆ ನನ್ನೊಡನೆ ಮಾತು ಬಿಟ್ಟರು. ಸಾರಿಗೆ ಉಪ್ಪು ಬೇಕಾದರೆ ಮಗನಿಗೆ ಹೇಳಿ ಕೇಳಿಸುತ್ತಿದ್ದರು. ನಮ್ಮ ಯಜಮಾನರು ಪಾಪ, ಗವಿಯಲ್ಲಿ ಹುಳುಗಳ ಜೊತೆಗೇ ಹೆಚ್ಚು ಹೊತ್ತು ಇರತೊಡಗಿದರು. ನಾನು ಉಳಿದ ನವಿಲುಗಳನ್ನು ಮುಗಿಸಿದೆ. ಎಡಕ್ಕೆ ವಾಲುತ್ತಿ‌ದ್ದೆ, ಆದರೆ ಈಗ ಕಣ್ಣು ತೆರೆದು. ಅದು ನಮಸ್ಕಾರವಲ್ಲ ಎಂದು ತಿಳಿದ ಮೇಲೂ ಪ್ರತಿ ಸಲ ಬಾಯಲ್ಲಿ ಅಮ್ಮಾ ಎಂದೇ ಬರುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅಮ್ಮನ ಮುಂದೆ ಪರದೆ ಎಳೆದರು. ಒಳಗೆ ಅತ್ತೆ, ನಾನು, ಇಬ್ಬರೇ. ಹಳೆಯ ಸೀರೆ ಬಿಚ್ಚಿ ಕಾಟಯ್ಯನವರ ಕೈಗೆ ಕೊಟ್ಟಾಯಿತು. ಹೊಸದನ್ನು ಅತ್ತೆಯ ಕೈಗೆ ಕೊಟ್ಟೆ. ಮಗ್ಗದ ಮೇಲೆ ಹೇಗಿತ್ತೋ ಹಾಗೇ ಮಡಿಸಿ ತಂದಿದ್ದೆ. ಅವರ ಪರವಾಗಿ ನಾನು ಏನನ್ನೂ ತೀರ್ಮಾನಿಸಿರಲಿಲ್ಲ. ಅತ್ತೆ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಒಂದು ಮಗ್ಗಲು ಸವರಿದರು, ಇನ್ನೊಂದು ಮಗ್ಗಲು ಸವರಿದರು. ಹೊರಗೆ ಜನ ಕೆಮ್ಮುವುದು ಕೇಳುತ್ತಿತ್ತು. ಹತ್ತು ದಿನದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು.

"ನಿನ್ನ ನವಿಲು ಹೆಂಗೆ ನೋಡ್ತಾವೆ?"

"ನೆಟ್ಟಗೆ ನೋಡ್ತಾವೆ ಅತ್ತೆ."

"ನಮ್ಮವ್ವಂದು ನಂದು ಆರು ಸೀರೆ. ಒಂದೂ ಕಣ್ಣು ಬಿಡ್ಲಿಲ್ಲ ಹಂಗಾರೆ."

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿಟ್ಟುಕೊಂಡಿರಲಿಲ್ಲ. ಅದನ್ನು ಅಮ್ಮನೇ ಆಡಿಸಿದಳು ಎಂದು ನಂಬಿದ್ದೇನೆ. "ಬಿಟ್ಟಿದ್ವು ಅತ್ತೆ. ಒಳಗಡೆ ಬಿಟ್ಟಿದ್ವು. ಎಪ್ಪತ್ತೆರಡು ವರ್ಷ ಅಮ್ಮನ್ನೇ ನೋಡ್ತಿದ್ವು" ಎಂದೆ.

ಅತ್ತೆ ನುಣುಪು ಮಗ್ಗಲಿನಲ್ಲಿ ಒಂದು ನವಿಲಿನ ಕಣ್ಣನ್ನು ಬೆರಳಿನಿಂದ ಹುಡುಕಿ ಮುಟ್ಟಿದರು. ಆಮೇಲೆ, "ಹಿಡ್ಕೋ ಆ ತುದಿ" ಎಂದು ಎದ್ದು, ಇಡೀ ಸೀರೆಯನ್ನು ಗಾಳಿಯಲ್ಲಿ ಒಮ್ಮೆ ತಿರುವಿದರು.

ಪರದೆ ತೆಗೆದರು. ಇಪ್ಪತ್ತೇಳು ನವಿಲು ಒಂದೇ ಸಲ ಕಣ್ಣು ಬಿಟ್ಟು ನಿಂತಿದ್ದವು. ಮುದುಕರು ಕೆಲವರು ಕೆನ್ನೆ ಕೆನ್ನೆ ಬಡಿದುಕೊಂಡರು. ಆದರೆ ಮೂಲೆಮನೆಯ ಸಾಕಮ್ಮ ಮುಂದೆ ಬಂದು ಸೆರಗಿನ ಮೇಲೆ ಬೆರಳಾಡಿಸಿ ಹುಡುಕತೊಡಗಿದಳು. ಅವಳ ಮಗ ಎರಡು ತಿಂಗಳಿಂದ ಕಾಯಿಲೆಯಲ್ಲಿ ಮಲಗಿದ್ದಾನೆ.

"ಅರಳೆಲ್ಲಿ? ನಮ್ಮನೆ ಅರಳೆಲ್ಲಿ ಪಾಲಕ್ಕ? ಎಲ್ಲ ಕತ್ತರಿಸಿಬಿಟ್ಟಾಳೇನು ನಿನ್ನ ಸೊಸೆ?"

"ಎಲ್ಲೂ ಹೋಗಿಲ್ಲ. ಒಳಗಡೆ ಐತೆ."

"ಒಳಗಿದ್ರೆ ನಾನು ಹೆಂಗೆ ಮುಟ್ಲಿ?"

"ನೀನ್ಯಾಕೆ ಮುಟ್ಬೇಕು? ನಿನ್ನ ಮಾತು ಅಮ್ಮಂಗೆ ಮುಟ್ಲಿ ಅಂತ ತಾನೇ ಮುಟ್ತಿದ್ದುದು? ಈಗ ಅವಳ ಮೈಗೇ ತಾಗ್ಕೊಂಡು ಕುಂತೈತೆ. ಹಗಲೂ ರಾತ್ರಿ. ಹೋಗು, ಮಗಂಗೆ ಗಂಜಿ ಕುಡ್ಸು."

ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಸಾಕಮ್ಮ ಕಣ್ಣೊರೆಸಿಕೊಂಡು ನಿಂತೇ ಇದ್ದಳು. ನಾಲ್ಕೈದು ಮನೆಯವರು ಪ್ರಸಾದ ತೆಗೆದುಕೊಳ್ಳದೆ ಹೋದರು. ಕಾಟಯ್ಯನವರು ಹಾಡಿನ ಒಂದು ಸಾಲು ಬಿಟ್ಟು ಉಳಿದದ್ದನ್ನು ಹಾಡಿದರು. ಯಾರು ಹೇಳಿದ್ದು ಸರಿ ಎಂದು ಅಮ್ಮನಿಗೆ ಗೊತ್ತು. ಅರಳು ಎಂದುಕೊಂಡು ಎಳೆಯ ತುದಿಯನ್ನು ಮುಟ್ಟಿ ಬೇಡಿದ ಬೇಡಿಕೆಗಳು ಅವಳಿಗೆ ಕೇಳಿಸಲಿಲ್ಲ ಎಂದು ಮಾತ್ರ ನಾನು ಒಪ್ಪುವುದಿಲ್ಲ. ಆ ಕಷ್ಟದ ಹೆರಿಗೆಯಲ್ಲಿ ಹುಟ್ಟಿದ ನನ್ನ ಮಗಳು ಬದುಕಿದ್ದಾಳೆ, ಪಕ್ಕದೂರಿನ ಶಾಲೆಯಲ್ಲಿ ಕಲಿಸುತ್ತಾಳೆ.

ನಿನ್ನೆ ಬೆಳಿಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋದರು. ಅಮ್ಮನ ಭುಜದ ಹತ್ತಿರ ಸೀರೆಯೊಳಗೆ ಅಂಗೈ ತೂರಿಸಿದವರು ತಟ್ಟನೆ ಕೈ ಹಿಂದೆ ತೆಗೆದರು. "ಚುಚ್ತಾವೆ ಕಣೆ" ಎಂದರು. ಜರಿಯ ತುದಿಗಳು. ಜನ ಹಿಡಿದು ಮುಟ್ಟಲಿ ಎಂದು ಉದ್ದ ಬಿಟ್ಟ ತುದಿಗಳು ಈಗ ಅಮ್ಮನ ಮೈಗೆ ಮುಳ್ಳಿನ ಹಾಗೆ ತಾಗುತ್ತಿವೆ. ಉಡಿಸಿದ ಸೀರೆಯನ್ನು ಹನ್ನೆರಡು ವರ್ಷ ಬಿಚ್ಚುವಂತಿಲ್ಲ. ಅತ್ತೆ ಕಲ್ಲಿನ ಕೆನ್ನೆ ಸವರಿ, "ತಡ್ಕೊ ತಾಯಿ, ಗೊತ್ತಾಗ್ಲಿಲ್ಲ" ಎಂದು ಗುಟ್ಟಾಗಿ ಹೇಳಿದ್ದು ನನಗೆ ಕೇಳಿಸಿತು. ಮನೆಗೆ ಬರುವ ದಾರಿಯಲ್ಲಿ, "ಅವಳಿಗೆ ಬರಿ. ಆ ಬೊಟ್ಟಿನೋಳಿಗೆ. ಅವರು ಬದುಕಿದ್ದ ಹೆಂಗಸ್ರಿಗೆ ಉಡ್ಸಾಕೆ ನೇಯ್ತಿದ್ರು, ಚುಚ್ಚಿದ್ರೆ ಆ ಹೆಂಗಸ್ರು ಸುಮ್ಕಿರ್ತಿದ್ರಾ? ಏನೋ ಒಂದು ಮಾಡ್ತಿದ್ರು. ಕೇಳು" ಎಂದರು.

ಅದಕ್ಕೇ ಈ ಕಾಗದ. ಯಾವ ಮಗ್ಗಲು ಎಂದು ಯಾಕೆ ಬರೆದಿಡಲಿಲ್ಲ ಎಂದು ನಿಮ್ಮನ್ನು ದೂರುವುದಿಲ್ಲ. ಅನ್ನವನ್ನು ಬಾಯಿಂದ ಉಣ್ಣಬೇಕು ಎಂದು ನಾವು ಯಾರಿಗೆ ಬರೆದಿಡುತ್ತೇವೆ? ಆದರೆ ನಿಮ್ಮ ಮಗ್ಗದ ಮುಂದೆ ಯಾರಾದರೂ ಬಂದು ನಿಂತು ಪೆದ್ದು ಪ್ರಶ್ನೆ ಕೇಳಿದರೆ ದಯವಿಟ್ಟು ಅವರನ್ನು ಗದರಬೇಡಿ. ಅದನ್ನು ನಾವೇ ಕೇಳಿದ್ದು ಎಂದುಕೊಂಡು ಉತ್ತರ ಹೇಳಿ.

ನನ್ನ ಪ್ರಶ್ನೆ ಒಂದೇ. ನವಿಲು ಮುಗಿದ ಮೇಲೆ ಜರಿಯ ತುದಿಯನ್ನು ಉಟ್ಟವರಿಗೆ ಚುಚ್ಚದಂತೆ ನೀವು ಏನು ಮಾಡುತ್ತಿದ್ದಿರಿ? ಒಳಗೆ ಹೊಸೆಯುತ್ತಿದ್ದಿರೋ, ಗಂಟು ಹಾಕುತ್ತಿದ್ದಿರೋ, ಮೇಣ ಹಚ್ಚುತ್ತಿದ್ದಿರೋ? ನಿಮ್ಮ ಯಜಮಾನರ ಆ ವಿಡಿಯೋ ನವಿಲಿನ ಕೊನೆಯ ಎಳೆಗೆ ಮೊದಲೇ ನಿಂತುಹೋಗುತ್ತದೆ. ಅವಸರವಿಲ್ಲ. ಮುಂದಿನ ಸೀರೆಗೆ ಹನ್ನೆರಡು ವರ್ಷವಿದೆ. ಆಗ ನನಗೆ ಅರವತ್ತೆರಡು. ಅತ್ತೆ ಆಗಲೂ ಇರುತ್ತೇನೆ ಎಂದು ಹಟ ಹಿಡಿದಿದ್ದಾರೆ.

ಉತ್ತರ ಬರೆಯುವುದು ಕಷ್ಟವಾದರೆ ಹೀಗೆ ಮಾಡಿ. ಅಮ್ಮನ ಪೀಠದ ಎಡಗಡೆಯ ಚಪ್ಪಡಿ ನಮ್ಮ ಕಾಲಕ್ಕೆ ಸಡಿಲಾಗಿದೆ. ಬರುವ ಯುಗಾದಿಗೆ ಅದನ್ನು ಎತ್ತಿ ಹೊಸದಾಗಿ ಕೂರಿಸುತ್ತಾರೆ. ನಿಮ್ಮ ಕಾಲದಲ್ಲಿ ಅದನ್ನು ಒಮ್ಮೆ ಎತ್ತುವಂತಾದರೆ, ನೀವು ನೇಯ್ದ ಸೀರೆಯ ತುಂಡೊಂದನ್ನು ತಾಮ್ರದ ಡಬ್ಬಿಯಲ್ಲಿ ಮುಚ್ಚಿ ಅದರಡಿ ಇಡಿ. ದೊಡ್ಡದು ಬೇಡ, ಒಳ್ಳೆಯದನ್ನು ಹಾಳು ಮಾಡಬೇಡಿ. ಒಂದು ನವಿಲು ಸಾಕು. ಚಪ್ಪಡಿ ಎತ್ತುವ ದಿನ ಅತ್ತೆಯ ಕೈ ಹಿಡಿದುಕೊಂಡು ನಾನು ಅಲ್ಲೇ ನಿಂತಿರುತ್ತೇನೆ. ಏನೂ ಸಿಗದಿದ್ದರೂ ನಿಮ್ಮ ಮೇಲೆ ಬೇಸರವಿಲ್ಲ. ಸಿಕ್ಕರೆ, ಅದನ್ನು ಹೇಗೆ ತಿರುವಿ ನೋಡಬೇಕೆಂದು ಈಗ ನಮಗೆ ಗೊತ್ತು.

ನಿಮ್ಮ ಮಗ್ಗ ಸುಖವಾಗಿರಲಿ.

ಇಂತಿ,
ಈರಕ್ಕ
ನೇಕಾರ ಪಾಲಮ್ಮನವರ ಸೊಸೆ